ದಿಂಬಿನವಳು ಕಂಡ ಮೀಸೆ

ದಿಂಬಿಗೆ ಎರಡು ಯೂರೋ, ಕಂಬಳಿಗೆ ನಾಲ್ಕು,
ಸೊಳ್ಳೆಗೆ ಹಚ್ಚುವ ಎಣ್ಣೆ ಪುಕ್ಕಟೆ.
ಬೇಡವೆಂದವರೇ ಮೊದಲ ಅಂಕ ಮುಗಿಯುವುದರೊಳಗೆ
ಕೆರೆದುಕೊಳ್ಳುತ್ತ ನನ್ನ ಮೇಜಿಗೆ ಬರುತ್ತಾರೆ.
ಹದಿನೇಳು ಬೇಸಗೆಯಿಂದ ಇದೇ ಕೆಲಸ:
ಷಿಲ್ಫ್‌ಡಾರ್ಫಿನ ಸರೋವರ, ಜೊಂಡಿನ ನಡುವೆ
ಮರದ ಹಲಗೆಯ ರಂಗ, ನೀರಲ್ಲಿ ಕಾಲೂರಿದ
ಕೊಕ್ಕರೆಯ ಹಾಗೆ.

ಈ ಸಲದ ಆಟದ ಕಥೆ ಹೇಳುತ್ತೇನೆ, ನಗಬೇಡಿ.
ಅಥವಾ ನಗಿ, ಅದಕ್ಕೇ ತಾನೆ ಟಿಕೀಟು.
ಸಾಲದಲ್ಲಿ ಮುಳುಗಿದ ಕೌಂಟ್ ಒಬ್ಬ
ಮೀಸೆ ಅಂಟಿಸಿಕೊಂಡು ಕ್ಷೌರಿಕನಾಗುತ್ತಾನೆ,
ಸಾಸಿವೆ ವ್ಯಾಪಾರಿಯ ಮಗಳನ್ನು ಒಲಿಸಿಕೊಳ್ಳಲು.
ಅವಳೋ ಗಂಡುವೇಷ ತೊಟ್ಟು ಅವನ ಅಂಗಡಿಗೇ ಬಂದು
ಗಡ್ಡ ಹೆರೆಯಯ್ಯಾ ಎಂದು ಕೂರುತ್ತಾಳೆ.
ಇಲ್ಲದ ಗಡ್ಡ, ಬಾರದ ಕಸುಬು;
ನೊರೆಯಲ್ಲಿ ಮುಳುಗೇಳುತ್ತ ಇಬ್ಬರೂ ಹಾಡುತ್ತಾರೆ.
ಮೇಯರನ ಹೆಂಡತಿಯಾಗಿ ಒಂದು ಕ್ವಿಂಟಲಿನ ಗಂಡಸು,
ಗಡಿಯಾಚೆಯ ಟೀಬೋರ್. ಅವನು ಬೀಸಣಿಗೆ ಬೀಸಿದರೆ
ಮುಂದಿನ ಸಾಲಿನ ಲೋಟಗಳಲ್ಲಿ ಅಲೆ ಏಳುತ್ತದೆ.

ಎಲ್ಲಿ ನಗುತ್ತಾರೆಂದು ಬೆನ್ನು ನೋಡಿಯೇ ಹೇಳಬಲ್ಲೆ:
ಮೊದಲು ಹೆಗಲು, ಆಮೇಲೆ ಕುರ್ಚಿ, ಕೊನೆಗೆ ಸದ್ದು.
ಎಂಟನೆಯ ಸಾಲಿನ ಗೆಬ್‌ಹಾರ್ಟ್ ಒಬ್ಬನನ್ನು ಬಿಟ್ಟು.
ನಿವೃತ್ತ ಸರ್ವೇಯರ್. ಮೊಣಕಾಲ ಮೇಲೆ ಸ್ವರಲಿಪಿ ಹರಡಿ,
ಪುಟ್ಟ ಟಾರ್ಚು ಹಿಡಿದು, ತಪ್ಪಿಗೊಂದು ಗೆರೆ ಎಳೆಯುತ್ತಾನೆ.
ಹೋಗುವಾಗ ದಿಂಬಿನ ಜೊತೆ ಲೆಕ್ಕವನ್ನೂ ಒಪ್ಪಿಸುತ್ತಾನೆ:
"ಇವತ್ತು ಇಪ್ಪತ್ತಮೂರು, ರೋಸ್ವಿತಾ.
ಕೊಳಲಿನವನದೇ ಒಂಬತ್ತು."

ಗುರುವಾರ ರಾತ್ರಿ, ಎರಡನೆಯ ಅಂಕ.
ಹಂಗೇರಿಯ ಕಡೆಯಿಂದ ಗಾಳಿ ಎದ್ದಿತು,
ಜೊಂಡೆಲ್ಲ ಒಂದೇ ಪಕ್ಕಕ್ಕೆ ತಲೆ ಬಾಚಿಕೊಂಡಿತು.
ಎರ್ವಿನ್ ಮೇಲಿನ ಸ್ವರಕ್ಕೆ ಬಾಯಿ ತೆರೆದ,
ಮೀಸೆ ಹೊರಟಿತು.
ತುಟಿಯಿಂದ ತೋಳಿಗೆ, ತೋಳಿಂದ ದೀಪಕ್ಕೆ,
ದೀಪದಿಂದ ನೀರಿಗೆ, ಅವಸರವೇ ಇಲ್ಲದೆ,
ಬಾಡಿಗೆ ಮನೆ ಖಾಲಿ ಮಾಡುವವನ ಹಾಗೆ.
ನೀರುಕೋಳಿಯೊಂದು ಬಂದು ನೋಡಿತು, ಕಚ್ಚಿತು,
ಇಲಿಯೋ ಮೀನೋ ತೀರ್ಮಾನವಾಗದೆ
ಕೊಕ್ಕಿನಲ್ಲೇ ಹಿಡಿದು ಬೆಳಕಿನ ವೃತ್ತಕ್ಕೆ ಈಜಿ ಬಂತು:
ಅಚ್ಚುಕಟ್ಟು ಮೀಸೆಯ ಗೃಹಸ್ಥ.

ವಾದ್ಯದವರಿಗೆ ಬೇರೆ ದಾರಿಯಿಲ್ಲ, ಅದೇ ಎರಡು ಆವರ್ತ
ತಿರುಗಿ ಅದೇ, ತಿರುಗಿ ಅದೇ, ಗಾಣದೆತ್ತು.
ಆಗ ಮಲ್ವೀನಾ ಟೋಪಿ ಕಿತ್ತೆಸೆದು, ಜಡೆ ಇಳಿಬಿಟ್ಟು,
ಅಂಗಡಿಯ ಕತ್ತರಿಯಿಂದಲೇ ಅದರ ತುದಿ ಕತ್ತರಿಸಿ
ನೊರೆ ಸವರಿ ಅವನ ತುಟಿಗೊತ್ತಿ,
ಎರಡು ಹೆಜ್ಜೆ ಹಿಂದೆ ಸರಿದು ನೋಡಿ,
"ಹದಿನೈದು ಕ್ರೌನ್ ಆಯ್ತು" ಅಂದಳು.
ಮೂರನೆಯ ಅಂಕದಲ್ಲಿ ಬಯಲಾಗಬೇಕಿದ್ದ ಗುಟ್ಟು
ಎರಡರಲ್ಲೇ ಬಯಲಾಗಿ ನಿಂತಿತ್ತು.
ಯಾರಿಗೆ ಬೇಕಿತ್ತು ಗುಟ್ಟು!

ಎಂಟನೆಯ ಸಾಲಿನಲ್ಲಿ ಟಾರ್ಚು ಬಿದ್ದು ಉರುಳಿತು.
ಮೊದಲು ತುಕ್ಕು ಹಿಡಿದ ಗೇಟು ತೆರೆದಂಥ ಸದ್ದು,
ಆಮೇಲೆ ಬಿಕ್ಕಳಿಕೆ, ಆಮೇಲೆ ತಡೆಯೇ ಇಲ್ಲ.
ಪಕ್ಕದ ಅಪರಿಚಿತ ಹೆಂಗಸು ಅವನ ಬೆನ್ನು ತಟ್ಟುತ್ತ
ತಾನು ಕುಡಿಯುತ್ತಿದ್ದುದನ್ನು
ಸ್ವರಲಿಪಿಯ ಮೇಲೆಲ್ಲ ಉಗುಳಿಬಿಟ್ಟಳು.

ಶುಕ್ರವಾರ ಸುತ್ತಲಿನ ಊರೆಲ್ಲ ಬಂತು, ದಿಂಬು ಸಾಲಲಿಲ್ಲ.
ಮೀಸೆ ಬೀಳಲಿಲ್ಲ. ಹೊಸ ಅಂಟು.
ಶನಿವಾರ ಮ್ಯಾನೇಜರು ದಾರ ಕಟ್ಟಿಸಿ ಎಳೆಸಿದ.
ಬಿತ್ತು. ಚಪ್ಪಾಳೆಯೇನೋ ಬಂತು;
ಹೆಗಲುಗಳು ಕದಲಲಿಲ್ಲ.
ನೀರುಕೋಳಿಗೆ ಕರೆ ಹೋಗಿರಲಿಲ್ಲ.

ಗುರುವಾರ ಗೆಬ್‌ಹಾರ್ಟ್ ದಿಂಬು ತಂದಾಗ ಕೇಳಿದ್ದೆ:
"ಎಷ್ಟಾಯ್ತು ಇವತ್ತು?"
ಒದ್ದೆ ಪುಟಗಳನ್ನು ಬಿಡಿಸಿ ಬಿಡಿಸಿ ಹುಡುಕಿದ.
ಮೂವತ್ತೆಂಟರಾಚೆ ಗೆರೆಯಿಲ್ಲ, ಬರೀ ದ್ರಾಕ್ಷಾರಸ.
"ಕೊಳಲಿನವನು ಚೆನ್ನಾಗಿ ನುಡಿಸಿದನೇನು?"
ನನ್ನನ್ನೇ ಕೇಳಿದ.

ದಿಂಬು ಇನ್ನೂ ಬೆಚ್ಚಗಿತ್ತು. ರಾಶಿಗೆ ಎಸೆದೆ.
ಮನೆಯಲ್ಲಿ ಗಂಡ, ಮುಸುಕೊಳಗಿಂದಲೇ:
"ಕೊನೆಗೇನಾಯ್ತೇ?"
"ಮದುವೆ," ಅಂದೆ, "ಇನ್ನೇನು."
ದೀಪ ಆರಿಸಿದ ಮೇಲೆ ನನ್ನ ಹೆಗಲು
ಒಂದೇ ಸಮನೆ ಮಂಚ ಅಲ್ಲಾಡಿಸತೊಡಗಿತು.